ಗಾಜಿನ ಮೇಲಿನ ಮೂವರು ಪಿಂಜಾರರು

ವಿಲಾಯತಿಗೆ ಹೋಗಿ ಬಂದೆ ಅಂದರೆ ರಾಣೆಬೆನ್ನೂರಿನ ಜನ ಮೊದಲು ಕೇಳುವುದು ಅಲ್ಲಿ ಏನು ತಿಂದೆ ಅಂತ. ಎರಡನೆಯದು, ರಾಜನನ್ನು ನೋಡಿದೆಯಾ ಅಂತ. ರೊಟ್ಟಿಯೂ ಸಿಗಲಿಲ್ಲ, ರಾಜನೂ ಸಿಗಲಿಲ್ಲ ಅಂದರೆ, ಮತ್ತೆ ಯಾಕೆ ಹೋಗಿದ್ದಿ ಅನ್ನುವ ಹಾಗೆ ಮುಖ ನೋಡುತ್ತಾರೆ. ಅವರಿಗೆ ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಬ್ಯಾಡಗಿ, ಹೊರಡುವ ಮುಂಚೆ

ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಮುಂಜಿವೆ ಅಂತ ಕರೆದ ಊರಿಗೆಲ್ಲ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಈ ವಿದ್ಯೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಸೊಕ್ಕು ಆಗ ನನಗೆ ಚೆನ್ನಾಗಿಯೇ ಇತ್ತು. ಹುಬ್ಬಳ್ಳಿಯ ಒಬ್ಬ ಮುದ್ರಣಾಲಯದವರು, ಫೋಟೋಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಲು ಬ್ಲಾಕು ಮಾಡುವುದನ್ನು ಕಲಿತು ಬಾ ಎಂದು ನನ್ನನ್ನು ಲಂಡನ್ನಿಗೆ ಕಳಿಸುತ್ತಾರೆಂದು ಗೊತ್ತಾದಾಗ ಆ ಸೊಕ್ಕು ಇನ್ನೂ ಒಂದು ಗೇಣು ಬೆಳೆಯಿತು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು.

ಹೊರಡುವ ಹದಿನೈದು ದಿನ ಮೊದಲು ಬ್ಯಾಡಗಿಯಲ್ಲಿ ಒಂದು ಮದುವೆಯ ಫೋಟೋ ಇತ್ತು. ಮದುಮಗನ ಅಜ್ಜಿ ಇಮಾಂಬಿ. ಎಪ್ಪತ್ತು ದಾಟಿದ ಹೆಂಗಸು, ಮೆಣಸಿನಕಾಯಿ ಅಂಗಡಿಗಳಲ್ಲಿ ಕಾಯಿಯ ತೊಟ್ಟು ಬಿಡಿಸಿ ಬಿಡಿಸಿ ಬೆರಳ ತುದಿಗಳು ಕೆಂಪಾಗಿಯೇ ಉಳಿದಿದ್ದವು. ಎಲ್ಲರ ಫೋಟೋ ಮುಗಿದು ನಾನು ಪೆಟ್ಟಿಗೆ ಕಟ್ಟುತ್ತಿದ್ದಾಗ ಹತ್ತಿರ ಬಂದು ಕುಂತಳು.

“ಮಾಸ್ತರ, ನಿಮ್ಮ ಡಬ್ಬ್ಯಾಗ ಹೋದ ಮಂದಿ ಎಷ್ಟ ವರ್ಷ ಇರತಾರ್ರಿ?”

“ನಾವು ನೀವು ಹೋದ ಮ್ಯಾಲೂ ಇರತಾರ, ಆಯಿ.”

“ಹಂಗಾರ ನಮ್ಮಪ್ಪನೂ ಎಲ್ಲೋ ಅದಾನ್ರಿ.”

ಆಮೇಲೆ ವಿಷಯ ಹೇಳಿದಳು. ಅವಳಪ್ಪ ಪಿಂಜಾರ. ಮನೆಮನೆಗೆ ಹೋಗಿ, ಬಿಲ್ಲಿನ ಹುರಿಯನ್ನು ಮರದ ಕೊಡತಿಯಿಂದ ಬಡಿದು ಅರಳೆ ಹಿಂಜಿ ಗಾದಿ ತುಂಬಿಕೊಡುತ್ತಿದ್ದವನು. ಅವಳು ತೊಟ್ಟಿಲಲ್ಲಿದ್ದಾಗ ಒಬ್ಬ ಇಂಜಿನಿಯರ್ ಸಾಹೇಬ ಕದರಮಂಡಲಗಿ ಕಡೆಯ ರಸ್ತೆ ಮಾಡಿಸಲು ಬಂದು ಹಾವೇರಿಯ ಬಂಗಲೆಯಲ್ಲಿ ಇಳಿದಿದ್ದನಂತೆ. ಅವನಿಗೆ ಫೋಟೋದ ಹುಚ್ಚು. ಬ್ಯಾಡಗಿಯ ಸಂತೆಯ ದಿನ ಗಾಣಿಗ, ಬಳೆಗಾರ, ಕಲ್ಲುಕುಟಿಗ ಎಂದು ಕಸುಬಿನವರನ್ನೆಲ್ಲ ಕರೆದು, ಅವರವರ ಸಾಮಾನು ಕೈಯಲ್ಲಿ ಹಿಡಿಸಿ ಕೂರಿಸಿದ. ಅಷ್ಟಾಗಿ ವರ್ಷ ತುಂಬುವುದರೊಳಗೆ ಅವಳಪ್ಪ ಜ್ವರ ಬಂದು ಸತ್ತ.

“ನಮ್ಮವ್ವ ಸಾಯೂತನಕಾ ಇದನ್ನ ಹೇಳ್ತಿದ್ಲ್ರಿ. ಮೂರು ಮಂದಿ ಪಿಂಜಾರ್ರು ಆವತ್ತ ಸಾಹೇಬನ ಮುಂದ ಕುಂತಿದ್ರಂತ. ಅದರಾಗ ನಮ್ಮಪ್ಪ ಒಬ್ಬಾಂವನ ಎಡಚ. ಬಿಲ್ಲು ಬಲಗೈಯಾಗ, ಕೊಡತಿ ಎಡಗೈಯಾಗ. ಅಂವ ಹಿಂಜಾಕ ಕುಂತ್ರ ಅರಳಿ ಎಲ್ಲಾರ್ದೂ ಹಾರೋ ಕಡೆ ಬಿಟ್ಟು ಇನ್ನೊಂದು ಕಡೆ ಹಾರ್ತಿತ್ತಂತ. ಅದಕ್ಕ ಅವನ ಬಾಜೂಕ ಯಾರೂ ಕುಂದರ್ತಿದ್ದಿಲ್ಲಂತ.”

ಸೆರಗಿಗೆ ಬೆರಳು ಒರೆಸಿಕೊಂಡಳು. ಮತ್ತೆ ತಾನೇ ಅಂದಳು: “ನಾ ಅವನ ಮಾರಿ ನೋಡಿಲ್ಲ, ಮಾಸ್ತರ. ನನಗ ಅಪ್ಪ ಅಂದ್ರ ಬರೇ ಮಾತು ಐತಿ, ಮಾರಿ ಇಲ್ಲ. ಆ ಸಾಹೇಬನ ದೇಶಕ್ಕ ಹೊಂಟೀರಿ. ಸಿಕ್ರ ತರ್ರಿ. ನಾ ಇರೂದ್ರಾಗ ತರ್ರಿ.”

ವಿಲಾಯತಿ ಎಂದರೆ ಹಾವೇರಿಯ ಪೇಟೆಯೇನು, ವಿಚಾರಿಸಿದರೆ ಸಿಗಲು? ಬಾಯಲ್ಲಿ ಮಾತ್ರ, ತರತೇನಿ ಆಯಿ, ಅಂದುಬಿಟ್ಟೆ. ಮದುವೆ ಮನೆಯಲ್ಲಿ ಇಲ್ಲ ಅನ್ನುವುದು ಹೇಗೆ?

ಹಡಗಿನ ಮೇಲೆ

ಹಡಗಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೀರು, ಮತ್ತೆ ನೀರು, ಅದರ ಆಚೆ ನೀರು. ಮೂರನೆಯ ದಿನ ನನ್ನ ಟ್ರಂಕಿನಲ್ಲಿ ಮನೆಯವಳು ಕಟ್ಟಿಟ್ಟಿದ್ದ ಬ್ಯಾಡಗಿ ಖಾರಪುಡಿಯ ಗಂಟು ಒಡೆಯಿತು. ನನ್ನ ಕೋಣೆಯಲ್ಲಿದ್ದ ಮೂವರು ಬಿಳಿಯರು ಒಬ್ಬರಾದ ಮೇಲೆ ಒಬ್ಬರು ಸೀನಲು ಹತ್ತಿದರು. ಪ್ರತಿ ಸೀನಿಗೂ ಉಳಿದ ಇಬ್ಬರು ‘ದೇವರು ಒಳ್ಳೆಯದು ಮಾಡಲಿ’ ಎನ್ನುವುದು ಅವರ ಪದ್ಧತಿ. ಅರ್ಧ ತಾಸು ಅವರು ಒಬ್ಬರನ್ನೊಬ್ಬರು ಹರಸುತ್ತಲೇ ಇದ್ದರು. ಒಬ್ಬನಾದರೂ ನನ್ನನ್ನು ಬಯ್ಯಲಿಲ್ಲ, ಏನದು ಎಂದು ಕೇಳಲೂ ಇಲ್ಲ. ನಮ್ಮ ಕಡೆಯಾದರೆ ಟ್ರಂಕು ಬಿಚ್ಚಿಸಿ, ಪುಡಿ ಯಾರು ಕುಟ್ಟಿದ್ದು, ಎಷ್ಟು ಬಳ್ಳೊಳ್ಳಿ ಹಾಕಿದ್ದಾರೆ ಎಂದು ಕೇಳಿ, ಕೊನೆಗೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಮೌನಕ್ಕೆ ನನಗೆ ಬೈಗುಳಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಲಂಡನ್

ಲಂಡನ್ನಿನಲ್ಲಿ ನನಗೆ ಕಲಿಸುತ್ತಿದ್ದವರು ಒಬ್ಬ ಮುದುಕ. ಆಸಿಡ್ಡಿನಿಂದ ಉಗುರು ಕಂದಿದ, ಮಾತು ಕಮ್ಮಿಯ ಮನುಷ್ಯ. ತಪ್ಪು ಮಾಡಿದರೆ ಬಯ್ಯದೆ, ತಾವೇ ಮತ್ತೊಮ್ಮೆ ಮೊದಲಿನಿಂದ ಮಾಡಿ ತೋರಿಸುತ್ತಿದ್ದರು. ಒಂದು ದಿನ ಚಹಾದ ಹೊತ್ತಿಗೆ ಇಮಾಂಬಿಯ ಕಥೆ ಹೇಳಿದೆ. ಅವರು ಬಟ್ಟಲು ಕೆಳಗಿಟ್ಟು ಪೂರ್ತಿ ಕೇಳಿದರು. ಮರುವಾರ, ನನಗೆ ಒಂದು ಮಾತೂ ಹೇಳದೆ, ಫೋಟೋದವರೆಲ್ಲ ಓದುವ ಪತ್ರಿಕೆಯೊಂದರಲ್ಲಿ ಪ್ರಕಟಣೆ ಹಾಕಿಸಿದ್ದರು: ಧಾರವಾಡ ಜಿಲ್ಲೆಯಲ್ಲಿ ಹಿಂದೆ ತೆಗೆದ ಕಸುಬುದಾರರ ಚಿತ್ರಗಳು ಯಾರಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.

ಮೂರು ತಿಂಗಳು ಏನೂ ಬರಲಿಲ್ಲ. ಆ ಮೂರು ತಿಂಗಳಲ್ಲಿ ನಾನು ಬ್ಲಾಕು ಮಾಡಲು ಕಲಿತೆ, ಕೊಡೆ ಮರೆಯದಿರಲು ಕಲಿತೆ, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ಬದುಕಲು ಕಲಿತೆ. ನಾನಿದ್ದ ಮನೆಯ ಒಡತಿ ದಿನವೂ ಹವಾಮಾನದ ಸುದ್ದಿ ಹೇಳುತ್ತಿದ್ದಳೇ ಹೊರತು ತನ್ನ ಸುದ್ದಿ ಒಂದು ದಿನವೂ ಹೇಳಲಿಲ್ಲ. ಅವಳ ಗಂಡ ಹಿಂದಿನ ಯುದ್ಧದಲ್ಲಿ ತೀರಿಕೊಂಡಿದ್ದ ಎಂದು ನನಗೆ ಗೊತ್ತಾದದ್ದು ಗೋಡೆಯ ಮೇಲಿನ ಫೋಟೋದಿಂದ. ಪ್ರತಿ ಭಾನುವಾರ ಆ ಫೋಟೋದ ಗಾಜು ಒರೆಸುತ್ತಿದ್ದಳು. ನಾನು ಆ ಕಡೆ ಬಂದರೆ ಕುರ್ಚಿ ಒರೆಸುತ್ತಿರುವಂತೆ ನಟಿಸುತ್ತಿದ್ದಳು.

ನಾನು ಊರಿಗೆ ಮರಳುವ ಹಡಗಿಗೆ ಹತ್ತು ದಿನ ಉಳಿದಿದ್ದಾಗ ಒಂದು ಪತ್ರ ಬಂತು. ಸಮುದ್ರದ ದಂಡೆಯ ಸಣ್ಣ ಊರಿನಿಂದ ಮಿಸ್ ಹೆಲೆನ್ ಎನ್ನುವವರು ಬರೆದಿದ್ದರು. ತಮ್ಮ ತಂದೆ ಧಾರವಾಡ ಜಿಲ್ಲೆಯಲ್ಲಿ ರಸ್ತೆ ಇಂಜಿನಿಯರ್ ಆಗಿದ್ದರು, ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಗಾಜಿನ ಚಿತ್ರಗಳಿವೆ, ಬಂದು ನೋಡಬಹುದು. ಮರುದಿನವೇ ರೈಲು ಹತ್ತಿದೆ.

ಸಮುದ್ರದ ದಂಡೆಯ ಊರು

ಮಿಸ್ ಹೆಲೆನ್ ಅವರಿಗೂ ಎಪ್ಪತ್ತರ ಹತ್ತಿರ. ಎತ್ತರದ, ನೆಟ್ಟನೆಯ ಹೆಂಗಸು. ಮದುವೆಯಾಗಿರಲಿಲ್ಲ. ಬಾಗಿಲು ತೆರೆದವರೇ, “ಒಂದು ಮಾತು ಕೇಳಬೇಕು,” ಅಂದರು. “ಚರ್ಚಿಗೆ ಹೊತ್ತಾದಾಗಲೆಲ್ಲ ನಮ್ಮ ತಂದೆ ಮೆಟ್ಟಿಲ ಕೆಳಗೆ ನಿಂತು ‘ಲಗೂ, ಲಗೂ’ ಎಂದು ಕೂಗುತ್ತಿದ್ದರು. ಅದು ಯಾವ ಮಾತು? ಏನು ಅರ್ಥ?”

ಆರು ತಿಂಗಳಿಂದ ನಾನು ನಮ್ಮ ಮಾತು ಬೇರೆಯವರ ಬಾಯಲ್ಲಿ ಕೇಳಿರಲಿಲ್ಲ. ‘ಬೇಗ, ಬೇಗ’ ಎಂದು ಅರ್ಥ ಹೇಳಿ ಕಣ್ಣು ಒರೆಸಿಕೊಂಡೆ. ಅವರು ಅದನ್ನು ನೋಡಿಯೂ ನೋಡದವರಂತೆ ನನ್ನ ಕೋಟು ತೆಗೆದುಕೊಂಡು ಗೂಟಕ್ಕೆ ಹಾಕಿದರು. ಆ ದೇಶದ ಜನರ ಮೌನ ಒಳ್ಳೆಯದು ಎಂದು ನನಗೆ ಅನ್ನಿಸಿದ್ದು ಆವತ್ತೇ ಮೊದಲು.

ಪೆಟ್ಟಿಗೆ ಮೇಜಿನ ಮೇಲೆ ಸಿದ್ಧವಾಗಿತ್ತು. ಅಂಗೈಯಗಲದ ಗಾಜುಗಳು, ಒಂದೊಂದಕ್ಕೂ ಹಿಂದೆ ಕಪ್ಪು ಬಟ್ಟೆ. ಆ ಕಾಲದಲ್ಲಿ ಗಾಜಿಗೆ ಔಷಧ ಬಳಿದು, ಹಸಿ ಆರುವ ಮುಂಚೆಯೇ ಕ್ಯಾಮರಾದಲ್ಲಿ ಇಟ್ಟು ಚಿತ್ರ ತೆಗೆಯುತ್ತಿದ್ದರು. ಹಿಂದೆ ಕಪ್ಪು ಇಟ್ಟರೆ ಆ ಗಾಜೇ ಫೋಟೋ. ಕಾಗದಕ್ಕೆ ಇಳಿಸುವ ಕೆಲಸವೇ ಇಲ್ಲ. ಇದನ್ನೆಲ್ಲ ನಾನು ಕೇಳಿ ಬಲ್ಲೆನೇ ಹೊರತು ಕೈಯಲ್ಲಿ ಹಿಡಿದದ್ದು ಅಂದೇ.

ಒಂದೊಂದಾಗಿ ನೋಡಿದೆ. ಎತ್ತಿಲ್ಲದ ಗಾಣದ ಪಕ್ಕ ನಿಂತ ಗಾಣಿಗ. ಮಲಾರವೆಂಬ ಬಳೆಸರವನ್ನು ತೋಳಿಗೆ ಏರಿಸಿಕೊಂಡ ಬಳೆಗಾರ. ಯಾರ ತಲೆಯೂ ಮುಂದೆ ಇಲ್ಲದೆ ಕತ್ತಿ ಹಿಡಿದು ಕೂತ ಹಜಾಮ. ಯಾರೂ ಕೆಲಸ ಮಾಡುತ್ತಿಲ್ಲ. ಕೆಲಸ ಮಾಡುವವರ ಹಾಗೆ ಕೂತಿದ್ದಾರೆ. ಅಲುಗಿದರೆ ಚಿತ್ರ ಕೆಡುತ್ತದೆಂದು ಕತ್ತಿನ ಹಿಂದೆ ಕಬ್ಬಿಣದ ಕವೆ ಕೊಟ್ಟಿದ್ದರು. ಕೆಲವರ ಕಿವಿಯ ಪಕ್ಕ ಅದರ ತುದಿ ಕಾಣುತ್ತದೆ. ಹಾಗಾಗಿ ಎಲ್ಲರ ಮುಖದಲ್ಲೂ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಕಳೆ. ಗಾಜಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಊರು, ಕಸುಬು ಇವೆ. ಹೆಸರು ಒಬ್ಬರದೂ ಇಲ್ಲ.

“ಹೆಸರು ಬರೆಯಲಿಲ್ಲವೇ?” ಎಂದು ಕೇಳಿದೆ.

“ನಾನೂ ಚಿಕ್ಕವಳಿದ್ದಾಗ ಕೇಳಿದ್ದೆ,” ಅಂದರು ಮಿಸ್ ಹೆಲೆನ್. “ತಂದೆ ತುಂಬ ಹೊತ್ತು ಯೋಚಿಸಿ, ಕೇಳಬೇಕೆಂದು ತೋಚಲಿಲ್ಲ ಅಂದರು.”

ಕಲ್ಲುಕುಟಿಗನ ಚಿತ್ರ ಬಂದಾಗ ಅವರು ನಕ್ಕರು. ತಾನು ಕೊರೆದ ಮೈಲುಗಲ್ಲಿನ ಪಕ್ಕ ಎದೆಯುಬ್ಬಿಸಿ ಕೂತಿದ್ದಾನೆ. ಕಲ್ಲಿನ ಮೇಲೆ ಹಾವೇರಿ ಎಂಬ ಅಕ್ಷರ, ಕೆಳಗೆ ಇಂಗ್ಲಿಷಿನ ಏಳು. ಎಲ್ಲ ತಿರುಗಾಮುರುಗಾ! “ಪಾಪ, ಓದು ಬಾರದ ಮನುಷ್ಯ,” ಅಂದರು ಅವರು. “ಬಂದವರಿಗೆಲ್ಲ ಇದನ್ನು ತೋರಿಸುತ್ತೇನೆ.” ನಾನೂ ನಕ್ಕೆ. ನಮ್ಮ ಕಡೆಯ ಮನುಷ್ಯನ ದಡ್ಡತನಕ್ಕೆ ಪರದೇಶದಲ್ಲಿ ಕೂತು ನಗುವಾಗ ಸ್ವಲ್ಪ ಚುಚ್ಚಿತು, ಆದರೂ ನಕ್ಕೆ.

ಪೆಟ್ಟಿಗೆಯ ತಳದಲ್ಲಿ ಪಿಂಜಾರರಿದ್ದರು. ಮೂವರೂ ಇದ್ದರು! ಮೂರು ಗಾಜಿನ ಚೀಟಿಯಲ್ಲೂ ಬ್ಯಾಡಗಿ. ಒಬ್ಬ ಬಿಳಿ ಗಡ್ಡದ ಮುದುಕ. ಇನ್ನೊಬ್ಬ ಮೂವತ್ತೈದರ ಗಂಡಸು: ಅಗಲ ಎದೆ, ದಪ್ಪ ಮೀಸೆ, ಮನೆ ಹಿಡಿದು ನಿಲ್ಲಿಸುವವನ ಮುಖ. ಮೂರನೆಯವನು ಬಡಕಲ ಹುಡುಗ, ಮೀಸೆ ಈಗ ಮೂಡುತ್ತಿದೆ. ಕತ್ತು, ತೋಳು ಎಲ್ಲ ಅವನು ಗಟ್ಟಿಯಾಗಿ ಹಿಡಿದು ಕೂತಿದ್ದರೂ ಬಿಲ್ಲಿನ ಹುರಿಯನ್ನು ಮೀಟಿಬಿಟ್ಟಿದ್ದಾನೆ. ಹುರಿ ಇರಬೇಕಾದಲ್ಲಿ ಬರೀ ಮಂಜು.

ನಾನು ಕೈಗಳನ್ನು ನೋಡಿದೆ. ಹುಡುಗನ ಕೊಡತಿ ಬಲಗೈಯಲ್ಲಿ. ಮೀಸೆಯವನ ಕೊಡತಿ ಎಡಗೈಯಲ್ಲಿ. ಮುದುಕನದೂ ಎಡಗೈಯಲ್ಲೇ ಇತ್ತು. ಒಬ್ಬನೇ ಎಡಚ ಅಂದಿದ್ದಳಲ್ಲ ಇಮಾಂಬಿ, ಇಲ್ಲಿ ಇಬ್ಬರು ಹೇಗೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಆಸೆ ಮುಂದೆ ಓಡುತ್ತಿತ್ತು, ಬುದ್ಧಿ ಹಿಂದೆ ಉಳಿದಿತ್ತು. ಹಸುಗೂಸಿನ ಅಪ್ಪ ಮುದುಕನಾಗಿರಲಾರ. ಮೀಸೆಯವನೇ ಸರಿ. ಅಪ್ಪ ಅಂದರೆ ಹೀಗೇ ಇರಬೇಕು! ಮಿಸ್ ಹೆಲೆನ್ ಆ ಗಾಜನ್ನು ಉಣ್ಣೆಯ ಬಟ್ಟೆಯಲ್ಲಿ ಸುತ್ತಿ, ನಕಲು ಮಾಡಿಕೊಂಡು ಅಂಚೆಯಲ್ಲಿ ಕಳಿಸಿ ಎಂದು ಕೊಟ್ಟರು. ನಾನು ಕುಣಿಯುವುದೊಂದು ಬಾಕಿ.

ರೈಲು

ಆ ದೇಶದ ರೈಲಿನಲ್ಲಿ ಮಾತಿಲ್ಲ. ಹಾವೇರಿಯಲ್ಲಿ ಹತ್ತಿ ರಾಣೆಬೆನ್ನೂರಿನಲ್ಲಿ ಇಳಿಯುವಷ್ಟರಲ್ಲಿ ನಮ್ಮವರು ನಿಮ್ಮ ಕುಲಗೋತ್ರ, ಮಗಳ ಮದುವೆ, ಮೊಣಕಾಲ ನೋವು ಎಲ್ಲ ಕೇಳಿ, ರೊಟ್ಟಿ ಬುತ್ತಿ ಬಿಚ್ಚಿ ಕೈಗೆ ಹಾಕುತ್ತಾರೆ. ಅಲ್ಲಿ ಎದುರಿಗೆ ಕೂತವನ ಪತ್ರಿಕೆ ಮಾತ್ರ ನಮಗೆ ಪರಿಚಯ.

ಎದುರಿನ ಸೀಟಿನ ಮೇಲೆ ಗೋಡೆಗೆ ಒಂದು ಕನ್ನಡಿ ಇತ್ತು. ಟೊಪ್ಪಿಗೆ ಸರಿಮಾಡಿಕೊಳ್ಳಲು ಎದ್ದು ನೋಡಿದೆ. ನನ್ನ ತಲೆಯ ಹಿಂದೆ ಗೋಡೆಯ ಮೇಲೆ ಏನೋ ಸೂಚನೆ ಅಂಟಿಸಿದ್ದರು. ಕನ್ನಡಿಯಲ್ಲಿ ಅದರ ಅಕ್ಷರಗಳು ತಿರುಗಾಮುರುಗಾ ಕಂಡವು, ಆ ಕಲ್ಲುಕುಟಿಗನ ಅಕ್ಷರಗಳ ಹಾಗೆಯೇ.

ಧೊಪ್ಪನೆ ಕೂತೆ. ಆ ಗಾಜಿನಲ್ಲಿ ಮೂಡುವುದು ಕನ್ನಡಿಯಲ್ಲಿ ಕಾಣುವ ಚಿತ್ರ! ಕಾಗದಕ್ಕೆ ಇಳಿಸಿದ್ದರೆ ಮತ್ತೆ ತಿರುಗಿ ಸರಿಯಾಗುತ್ತಿತ್ತು, ಆದರೆ ಅಲ್ಲಿ ಕಾಗದವೇ ಇಲ್ಲ. ಬಲಗೈಯವರೆಲ್ಲ ಎಡಚರಾಗಿ ಕಾಣುತ್ತಾರೆ. ನಿಜವಾದ ಎಡಚ ಬಲಗೈಯವನಾಗಿ ಕಾಣುತ್ತಾನೆ. ಆ ಬಡಕಲ ಹುಡುಗನೇ ಇಮಾಂಬಿಯ ಅಪ್ಪ. ಕಲ್ಲುಕುಟಿಗ ತನ್ನ ಅಕ್ಷರ ಸರಿಯಾಗಿಯೇ ಕೊರೆದಿದ್ದ. ಇಪ್ಪತ್ತು ವರ್ಷ ಫೋಟೋ ತೆಗೆದ ನಾನು ಅವನನ್ನು ನೋಡಿ ನಕ್ಕು ಬಂದಿದ್ದೆ.

ಈಗ ಒಂದು ಮಾತು ಮುಚ್ಚದೆ ಹೇಳಬೇಕು. ಮೊದಲು ನನಗೆ ಬಂದ ಯೋಚನೆ ಹಿಂದಿರುಗುವುದಲ್ಲ. ಯಾರಿಗೆ ಗೊತ್ತಾಗುತ್ತದೆ ಎಂಬುದು. ಇಮಾಂಬಿಯ ಅಪ್ಪನನ್ನು ಕಂಡವರು ಯಾರೂ ಬದುಕಿಲ್ಲ. ಮೀಸೆಯವನ ಮುಖ ಎಷ್ಟು ಲಕ್ಷಣವಾಗಿದೆ! ಎಪ್ಪತ್ತು ವರ್ಷ ಕಾದವಳಿಗೆ ಇಂಥ ಅಪ್ಪ ಸಿಕ್ಕರೆ ಎಷ್ಟು ಖುಷಿಪಟ್ಟಾಳು. ಆ ಹುಡುಗನನ್ನು ಒಯ್ದು ಅವಳ ಮುಂದೆ ಇಡುವುದು ಹೇಗೆ? ಎರಡು ಸ್ಟೇಷನ್ನು ದಾಟುವವರೆಗೆ ಹೀಗೇ ನನಗೆ ನಾನೇ ವಕೀಲಿ ಮಾಡಿದೆ. ಉಣ್ಣೆಯ ಗಂಟು ತೊಡೆಯ ಮೇಲೆ ಭಾರವಾಗುತ್ತ ಬಂತು. ‘ಬರೇ ಮಾತು ಐತಿ, ಮಾರಿ ಇಲ್ಲ’ ಅಂದಿದ್ದಳು. ಬೇರೆ ಯಾರದೋ ಮುಖ ಕೊಟ್ಟರೆ ಅವಳಿಗೆ ಇದ್ದ ಮಾತೂ ಹೋಗುತ್ತದೆ. ಮೂರನೆಯ ಸ್ಟೇಷನ್ನಿನಲ್ಲಿ ಇಳಿದು ಎದುರು ರೈಲು ಹತ್ತಿದೆ.

ಮತ್ತೆ ಅದೇ ಬಾಗಿಲು

ಮಿಸ್ ಹೆಲೆನ್ ನನ್ನನ್ನು ನೋಡಿ ಕೊಡೆ ಮರೆತೆನೆಂದುಕೊಂಡರು. ಮೇಜಿನ ಹತ್ತಿರ ಕರೆದೊಯ್ದು ಕಲ್ಲುಕುಟಿಗನ ಗಾಜನ್ನು ಗೋಡೆಗನ್ನಡಿಯ ಮುಂದೆ ಹಿಡಿದೆ. ಹಾವೇರಿ. ಏಳು. ಅಕ್ಷರ ದುಂಡಗೆ, ಅಂಕಿ ನೆಟ್ಟಗೆ. ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು.

“ಐವತ್ತು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೇನೆ,” ಅಂದರು. ಆ ಗಾಜನ್ನು ಪೆಟ್ಟಿಗೆಗೆ ಹಾಕದೆ ಬೆಂಕಿಗೂಡಿನ ಮೇಲೆ, ಗಡಿಯಾರದ ಪಕ್ಕದಲ್ಲಿ ಇಟ್ಟರು.

ಮೀಸೆಯವನನ್ನು ಹಿಂದಕ್ಕೆ ಕೊಟ್ಟು ಹುಡುಗನನ್ನು ಕೇಳಿದೆ. ಅವರು ಅದೇ ಉಣ್ಣೆಯಲ್ಲಿ ಸುತ್ತಿಕೊಟ್ಟರು. ನಕಲು ಮಾಡಿ ಕಳಿಸುತ್ತೇನೆ ಅಂದದ್ದಕ್ಕೆ ತಲೆ ಅಲ್ಲಾಡಿಸಿದರು. “ಕಳಿಸಬೇಡಿ. ಇಲ್ಲಿ ಇವನು ಒಬ್ಬ ಪಿಂಜಾರ. ಅಲ್ಲಿ ಒಬ್ಬರ ಅಪ್ಪ.” ಆಮೇಲೆ ಬಾಗಿಲವರೆಗೆ ಬಂದು, ತಮ್ಮ ತಂದೆಯ ಫೋಟೋ ತಮ್ಮಲ್ಲಿ ಒಂದೂ ಇಲ್ಲ, ಅವರು ಯಾವಾಗಲೂ ಕ್ಯಾಮರಾದ ಹಿಂದೆಯೇ ಇದ್ದರು ಅಂದರು. ನಾನು ಕೈಮುಗಿದೆ. ಅವರು ಕೈಕುಲುಕಲು ಚಾಚಿದ್ದ ಕೈಯನ್ನು ಹಿಂತೆಗೆದುಕೊಂಡು, ನನ್ನಂತೆಯೇ ಎರಡೂ ಕೈ ಜೋಡಿಸಿದರು.

ಲಂಡನ್ನಿನಲ್ಲಿ ಗುರುಗಳು ಪಕ್ಕದಲ್ಲಿ ನಿಂತು ನೋಡುತ್ತಿರಲು ಆ ಗಾಜಿನ ನಕಲು ತೆಗೆದು, ತಿರುವಿ ಹಾಕಿ, ಕಾಗದಕ್ಕೆ ದೊಡ್ಡದಾಗಿ ಇಳಿಸಿದೆ. ಔಷಧದ ನೀರಿನಲ್ಲಿ ಮೊದಲು ಮೂಡಿದ್ದು ಕೊಡತಿ ಹಿಡಿದ ಎಡಗೈ.

ಬ್ಯಾಡಗಿ

ಹಡಗಿನಿಂದ ಇಳಿದು ರಾಣೆಬೆನ್ನೂರಿನ ಮನೆಯಲ್ಲಿ ಒಂದು ದಿನ ನಿಂತವನು ಮರುದಿನ ಬೆಳಿಗ್ಗೆಯೇ ಬ್ಯಾಡಗಿಯ ರೈಲು ಹತ್ತಿದೆ. ಸ್ಟೇಷನ್ನಿನಲ್ಲಿ ಇಳಿದ ಕೂಡಲೆ ಮೂಗಿಗೆ ಮೆಣಸಿನಕಾಯಿಯ ಘಾಟು ಹತ್ತಿ ನಾನೇ ಸೀನಿದೆ. ಯಾರೂ ಹರಸಲಿಲ್ಲ. ಒಬ್ಬ ಹಮಾಲ ಮಾತ್ರ, “ಹೊಸಬರೇನ್ರಿ?” ಎಂದು ಕೇಳಿ ನಕ್ಕ.

ಇಮಾಂಬಿ ಬದುಕಿದ್ದಳು. ಅಷ್ಟು ಸಾಕೆಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಅಂಗಡಿಯ ಮುಂದಿನ ಕೆಂಪು ರಾಶಿಯ ಪಕ್ಕದಲ್ಲಿ ಹತ್ತಾರು ಹೆಂಗಸರ ನಡುವೆ ಕೂತು ತೊಟ್ಟು ಬಿಡಿಸುತ್ತಿದ್ದಳು. ನನ್ನನ್ನು ನೋಡಿ, ನನ್ನ ಕಂಕುಳಲ್ಲಿದ್ದ ಕಟ್ಟು ನೋಡಿ, ಕೈಯ ಕಾಯಿ ಕೆಳಗೆ ಹಾಕಿದಳು.

“ಸಿಕ್ಕನೇನ್ರಿ?”

“ಸಿಕ್ಕಾನ, ಆಯಿ.”

ಕೈ ತೊಳೆದುಕೊಂಡು ಬಂದಳು. ಎರಡು ಸಲ ತೊಳೆದಳು, ಖಾರದ ಕೈ ತಾಗಬಾರದೆಂದು. ಬೇವಿನ ಗಿಡದ ನೆರಳಲ್ಲಿ ಕುಂತು ಸೆರಗು ಹಾಸಿದಳು. ನಾನು ಫೋಟೋ ಬಿಚ್ಚಿ ಅದರ ಮೇಲೆ ಇಟ್ಟೆ; ಉಣ್ಣೆಯಲ್ಲಿ ಸುತ್ತಿದ ಗಾಜನ್ನು ಪಕ್ಕದಲ್ಲಿ.

ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ, ಮೆಲ್ಲಗೆ, ನನಗೆ ಬೇಜಾರಾಗಬಾರದೆಂಬ ಹಾಗೆ ಅಂದಳು: “ಮಾಸ್ತರ, ನೀವು ಭಾಳ ತ್ರಾಸ ತಗೊಂಡೀರಿ. ಖರೇ. ಆದ್ರ ಇಂವ ನಮ್ಮಪ್ಪ ಅಲ್ರಿ. ಇಂವ ಹುಡುಗ ಅದಾನ. ನಮ್ಮಪ್ಪ ದೊಡ್ಡಾಂವ.”

ನಾನು ಫೋಟೋದ ಎಡಗೈ ತೋರಿಸಿದೆ. “ಮೂವರಾಗ ಇಂವ ಒಬ್ಬಾಂವನ ಎಡಚ, ಆಯಿ. ನಾ ಎರಡು ಸಲ ಹೋಗಿ ನೋಡೇನಿ.”

ಅವಳು ಆ ಕೈಯನ್ನು ನೋಡಿದಳು. ಮಂಜಾದ ಹುರಿಯನ್ನು ನೋಡಿದಳು. ತುಟಿಗಳು ಅಲುಗಿದವು; ಏನೋ ಲೆಕ್ಕ ಹಾಕುತ್ತಿದ್ದಳು. “ನಮ್ಮವ್ವ ನನ್ನ ಹಡದಾಗ ಹದಿನೇಳಂತ,” ಅಂದಳು. “ಅಪ್ಪ ಅವ್ವಕಿಂತ ನಾಕು ವರ್ಷ ದೊಡ್ಡಾಂವ.” ಬೆರಳು ಮಡಚಿದಳು. “ಇಪ್ಪತ್ತೊಂದು. ಹೌದಲ್ರಿ? ಅಲ್ಲಿಗೇ ಮುಗೀತಲ್ರಿ ಅವಂದು.”

ಎಪ್ಪತ್ತು ವರ್ಷ ಅವಳು ಮನಸ್ಸಿನಲ್ಲಿ ಇಟ್ಟುಕೊಂಡದ್ದು ತನಗಿಂತ ದೊಡ್ಡವನಾದ ಅಪ್ಪನನ್ನು. ಅವಳಿಗೆ ವಯಸ್ಸಾದಂತೆ ಅವನಿಗೂ ವಯಸ್ಸಾಗುತ್ತ ಬಂದಿತ್ತು. ಇಲ್ಲಿ ನೋಡಿದರೆ ಮೊನ್ನೆ ಮದುವೆಯಾದ ಅವಳ ಮೊಮ್ಮಗನಿಗಿಂತ ಎಳೆಯ ಮುಖ, ಅಲುಗಬಾರದೆಂದು ಉಸಿರು ಬಿಗಿಹಿಡಿದು ಕೂತಿದೆ. ನನಗೆ ಆ ಕಡೆ ನೋಡಲಾಗಲಿಲ್ಲ.

“ಎಷ್ಟ ಸೊರಗ್ಯಾನ್ರೀ,” ಅಂದಳು. “ಯಾರೂ ಉಣ್ಣಾಕ ಹಾಕಿದ್ದಿಲ್ಲೇನ ಆವತ್ತ? ನನ್ನ ಬಿಟ್ಟು ಹ್ವಾದ ಅಂತ ನಾ ಇವನ ಮ್ಯಾಲೆ ಎಷ್ಟ ಸಿಟ್ಟ ಮಾಡೇನ್ರಿ, ಮಾಸ್ತರ. ಇಷ್ಟ ಸಣ್ಣಾಂವನ ಮ್ಯಾಲೆ.”

ತೊಟ್ಟು ಬಿಡಿಸುವುದನ್ನು ಬಿಟ್ಟು ಹೆಂಗಸರೆಲ್ಲ ಈ ಕಡೆಯೇ ನೋಡುತ್ತಿದ್ದರು. ಇಮಾಂಬಿ ಎರಡೂ ಕೈ ಚಾಚಿ ಫೋಟೋದ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸವರಿದಳು. ಆ ಕೈಗಳನ್ನು ತನ್ನ ಹಣೆಯ ಎರಡೂ ಪಕ್ಕಕ್ಕೆ ಒತ್ತಿ, ಹತ್ತೂ ಬೆರಳಿನ ನೆಟಿಗೆ ಲಟಲಟ ಮುರಿದು, ತನ್ನ ಅಪ್ಪನ ದೃಷ್ಟಿ ತೆಗೆದಳು.